ನಿಗಮದ ಸ್ವತ್ತು

ಮೊದಲು ಕೆತ್ತಿದ್ದು ಕಂಡಕ್ಟರ್ ಚೀಲದ ಮುಚ್ಚಳದ ಮೇಲೆ,
ಶಿವಾಜಿನಗರದ ಸ್ಟ್ಯಾಂಡಿನಲ್ಲಿ. ಬಸ್ಸು ಹೊರಡಲು
ಇನ್ನೂ ಹದಿನೇಳು ನಿಮಿಷ ಇತ್ತು.
ಸೈಕಲ್ ಕಡ್ಡಿಯನ್ನು ಕಟ್ಟೆಯ ಕಲ್ಲಿಗೆ ಉಜ್ಜಿ ಚೂಪು ಮಾಡಿದ್ದೆ.
ಒಂದು ಹೊಂಗೆ ಎಲೆ,
ಅದೂ ಸೊಟ್ಟ.

ವಾರದೊಳಗೆ ಮೆಮೊ ಬಂತು:
ನಿಗಮದ ಸ್ವತ್ತಿಗೆ ಉದ್ದೇಶಪೂರ್ವಕ ಹಾನಿ,
ಸಂಬಳದಲ್ಲಿ ಹನ್ನೊಂದು ರೂಪಾಯಿ ಮುರಿಯತಕ್ಕದ್ದು.
ರುದ್ರಾರಾಧ್ಯ ಸಾಹೇಬರು ಸಹಿ ಮಾಡಿ
ಪೆನ್ನಿಗೆ ಟೋಪಿ ಹಾಕುತ್ತಾ ಕೇಳಿದರು,
"ಅದೇನ್ರೀ, ವೀಳ್ಯದೆಲೆನಾ?"
ಹೊಂಗೆ ಸಾರ್, ಎಂದೆ.
ನನಗೆ ಸಿಕ್ಕ ಮೊದಲ ವಿಮರ್ಶೆ ಅದು.

ಗುರು ಸಿಕ್ಕಿದ್ದು ರೇಸ್‌ಕೋರ್ಸಿನ ಹಿಂದಿನ ಗಲ್ಲಿಯಲ್ಲಿ.
ಘನಿ ಸಾಬರು ಜೀನು ಹೊಲಿಯುವವರು;
ಕುದುರೆ ಬೆನ್ನಿನ ಅಳತೆ ಬೆರಳಲ್ಲೇ ಇತ್ತು,
ಕುದುರೆಯ ಮೇಲೆ ಮಾತ್ರ ಒಂದು ಕಾಸೂ ಕಟ್ಟಿದವರಲ್ಲ.
ವಾರದ ರಜೆಯೆಲ್ಲ ಅಲ್ಲಿ ಕೂತೆ.
ಆರು ತಿಂಗಳು ಚಾಕು ಮುಟ್ಟಗೊಡಲಿಲ್ಲ.
ಚರ್ಮ ಒದ್ದೆ ಮಾಡು, ಕಾಯಿ. ಒದ್ದೆ ಮಾಡು, ಕಾಯಿ.
"ನೀರು ಕುಡಿದ ತಕ್ಷಣ ಕುಯ್ದರೆ ಗೆರೆ ಊದ್ಕೊಳ್ತದೆ.
ಒಣಗಿದ ಮೇಲೆ ಕುಯ್ದರೆ ಹಟ ಹಿಡೀತದೆ.
ಬಣ್ಣ ವಾಪಸ್ ಬರೋತನಕ ಕಾಯಿ,
ಆಮೇಲೆ ಕೆನ್ನೆಗೆ ಇಟ್ಕೋ.
ತಣ್ಣಗಿರಬೇಕು, ಒದ್ದೆ ಇರಬಾರದು."
ಇಟ್ಟುಕೊಂಡೆ. ಏನೂ ತಿಳಿಯಲಿಲ್ಲ.
ಎಷ್ಟು ಸಲವೋ ಆದ ಮೇಲೆ ಒಂದು ಸಂಜೆ ತಿಳಿಯಿತು.
ತಿಳಿದದ್ದು ಕೆನ್ನೆಗೆ; ನನಗೆ ಇನ್ನೂ ಇಲ್ಲ.

ಟ್ಯಾನರಿ ರೋಡಿನಲ್ಲಿ ಕ್ರೋಮ್ ಚರ್ಮ ಅಗ್ಗ, ಮೆತ್ತಗೆ;
ಒತ್ತಿದ್ದನ್ನು ಬೆಳಗಾಗುವುದರೊಳಗೆ ಮರೆತುಬಿಡುತ್ತದೆ.
ತಂಗಡಿ ತೊಗಟೆಯಲ್ಲಿ ಹದವಾದದ್ದು ಹಾಗಲ್ಲ:
ಉಗುರು ತಾಗಿದರೂ ನೆನಪಿಟ್ಟುಕೊಳ್ಳುತ್ತದೆ, ದಾಯಾದಿಯ ಹಾಗೆ.
ಅಳಿಸಲು ಬರದು. ತಪ್ಪಿದ ಗೆರೆಯನ್ನು
ಎಲೆಯ ನರ ಮಾಡಬೇಕು, ಇಲ್ಲವೇ ಹುಳ ತಿಂದ ತೂತು.
ನನ್ನ ಎಲೆಗಳಲ್ಲಿ ಹುಳ ಜಾಸ್ತಿ.

ಕೊಡತಿ ಹುಣಸೆಯದು. ಅಚ್ಚುಗಳು
ಗುಜರಿಗೆ ಹೋದ ಬಸ್ಸಿನ ಬೋಲ್ಟುಗಳು, ಅರದಿಂದ ಉಜ್ಜಿ ಉಜ್ಜಿ.
ಕೆಳಗಿಡುವ ಕಲ್ಲು ಗೋರಿಗೆಂದು ಕೆತ್ತಿದ್ದು,
ಹೆಸರಿನಲ್ಲಿ ಒಂದು ಅಕ್ಷರ ತಪ್ಪಿ ಬಿಸಾಕಿದ್ದು.
ಮಗುಚಿ ಹಾಕಿಕೊಂಡಿದ್ದೇನೆ.
ಯಾರೋ ಒಬ್ಬರು ಬೋರಲು ಮಲಗಿ
ಇಷ್ಟು ವರ್ಷ ನನ್ನ ಏಟು ತಿಂದಿದ್ದಾರೆ.

ಮನೆಯೊಳಗೆ ಮಾತ್ರ ಚರ್ಮ ಬರುವಂತಿರಲಿಲ್ಲ.
ಅಪ್ಪ ಸರ್ಕಾರಿ ಪ್ರೆಸ್ಸಿನ ಜವಾನ. ಇಸ್ತ್ರಿಯ ಬಿಳಿ ಅಂಗಿ.
ಹದಿನಾರಕ್ಕೆ, ಮಾಲೂರಿನ ಕಡೆಯ ಕೇರಿಯಲ್ಲಿ
ತಾತನ ಹದದ ಬಾನಿಗೆ ಬೆನ್ನು ಹಾಕಿ ರೈಲು ಹತ್ತಿದವನು.
"ಆ ವಾಸನೆ ತೊಳೆಯೋಕೆ ನಲವತ್ತು ವರ್ಷ ಹಿಡೀತು.
ನೀನು ದುಡ್ಡು ಕೊಟ್ಟು ವಾಪಸ್ ತರ್ತೀಯ?"
ಉತ್ತರ ಇರಲಿಲ್ಲ. ಈಗಲೂ ಇಲ್ಲ.
ಅವನ ಮೇಲೆ ಹೇರಿದ್ದನ್ನು
ನಾನು ಗಲ್ಲಿ ಗಲ್ಲಿ ಹುಡುಕಿಕೊಂಡು ಹೋಗಿದ್ದೆ.
ಮಾಳಿಗೆಯ ಮೇಲೆ, ನೀರಿನ ಟ್ಯಾಂಕಿನ ನೆರಳಲ್ಲಿ ಕೆತ್ತಿದೆ.
ನೆರಳು ಸರಿದಂತೆ ನಾನೂ ಸರಿದೆ.

ನಿವೃತ್ತಿಯ ದಿನ ಚೀಲ ವಾಪಸ್ ಕೊಟ್ಟೆ.
ಸ್ಟೋರಿನ ಹುಡುಗ ಮುಚ್ಚಳ ತಿರುವಿ ನೋಡಿ
ರಿಜಿಸ್ಟರಿನಲ್ಲಿ "ಗೀರು ಬಿದ್ದಿದೆ" ಎಂದು ಬರೆದುಕೊಂಡ.

ಆ ಬೇಸಿಗೆ ಒಂದು ಮಧ್ಯಾಹ್ನ
ಒಣಗಿದ ಪಂಚೆ ತೆಗೆಯಲು ಅಪ್ಪ ಮೇಲೆ ಬಂದ,
ಮೆಟ್ಟಿಲಿಗೊಮ್ಮೆ ನಿಂತು, ಉಸಿರು ಲೆಕ್ಕ ಹಾಕುತ್ತಾ.
ನಾನು ಚಾಕು ಎತ್ತಿದ್ದೆ.
"ನಿಲ್ಸು," ಎಂದ.
ಬಾಗಿದ. ಹೆಬ್ಬೆರಳಿಂದ ಅಂಚು ಒತ್ತಿದ.
ತುಂಡನ್ನು ಎತ್ತಿ
ಆಗತಾನೇ ಬೋಳಿಸಿದ ಕೆನ್ನೆಗೆ ಇಟ್ಟುಕೊಂಡ,
ಕಣ್ಣು ಮುಚ್ಚಿ.
"ಇನ್ನೂ ಹೊತ್ತು ಇದೆ."

ಪಂಚೆ ಅಲ್ಲೇ ಬಿಟ್ಟು ಇಳಿದ.
ಕೆಳಗೆ ಬಚ್ಚಲಲ್ಲಿ ಸೋಪು ಹಚ್ಚಿ ಕೈ ತೊಳೆಯುವ ಸದ್ದು,
ಬಹಳ ಹೊತ್ತು.
ಚಾಕು ಕೆಳಗಿಟ್ಟೆ.
ಚರ್ಮದ ಅಂಚಿನಿಂದ ಬಣ್ಣ ಒಳಗೆ ಒಳಗೆ ಮರಳುತ್ತಿತ್ತು.
ನಲ್ಲಿ ನಿಲ್ಲುವ ತನಕ ಕಾದೆ.