ಮೂವತ್ತಕ್ಕೆ ಹದಿನೆಂಟು

ಚೀಟಿ ಎತ್ತಿದ ರಾತ್ರಿಯೇ ಲೆಕ್ಕ ಬರೆದೆ,
ವಿಮಾ ಆಫೀಸಿನ ರದ್ದಾದ ಫಾರಂ ಬೆನ್ನಿಗೆ.
ಒಂದು ಮೆಷಿನ್ ಮೂವತ್ತಕ್ಕೆ ಹದಿನೆಂಟು ಸೆಂಟಿಮೀಟರ್,
ಅಡುಗೆಕಟ್ಟೆಯ ಮೇಲೆ ಮಿಕ್ಸಿ ಪಕ್ಕ ಕೂರುತ್ತದೆ.
ಇನ್ನೊಂದು ಎರಡಡಿಗೆ ಎರಡಡಿ, ಕಬ್ಬಿಣದ ಮೈ,
ಅದು ಬಂದರೆ ಸ್ಕೂಟರ್ ಬೀದಿಯಲ್ಲಿ ಮಲಗಬೇಕು.

ಬೆಲ್ಟೋ ಸ್ಕ್ರೂವೋ, ಮೋಟಾರು ಎಷ್ಟು ವ್ಯಾಟು,
ತೇಗಕ್ಕೆ ತಡೆದೀತೋ, ಮಾವಿಗಷ್ಟೇ ಸಾಕೋ,
ಹದಿನೈದು ರಾತ್ರಿ ಹೋಯಿತು.

ಸಾಫ್ಟ್‌ವೇರಿನದು ಇನ್ನೊಂದು ರಗಳೆ.
ಒಂದಕ್ಕೆ ಮೆಷಿನ್ನಿಗಿಂತ ಹೆಚ್ಚು ಬೆಲೆ:
ಎಮ್ಮೆಗಿಂತ ಹಗ್ಗ ದುಬಾರಿ.
ಒಂದು ಪುಕ್ಕಟೆ, ನೆಟ್ ಹೋದರೆ ಮುನಿಸು,
ನಿಟುವಳ್ಳಿಯಲ್ಲಿ ಅದು ಹೋಗುವುದೇ ಸಂಜೆ,
ನನಗೆ ಬಿಡುವಾಗುವ ಹೊತ್ತಿಗೆ.
ಮತ್ತೊಂದೂ ಪುಕ್ಕಟೆ. ಪರದೆ ತುಂಬ ಬಟನ್ನು,
ಯಾವುದು ಒತ್ತಿದರೂ ಇನ್ನೊಂದು ಪರದೆ.

ಶನಿವಾರ ಮಂಡಕ್ಕಿ ಭಟ್ಟಿಯ ಹೊಗೆ ದಾಟಿ
ಸಾಮಿಲ್ಲಿಗೆ ಹೋದೆ.
ಬುಡೇನ್ ಸಾಬರು ಕೈಯ ಹೊಟ್ಟು ಕೊಡವಿ
ಫಾರಂ ನೋಡಿದರು, ಎರಡೂ ಕಡೆ.
"ಎಲ್ಲಾ ಬರದೀರಲ್ಲ ಅಕ್ಕಾರೆ,
ಏನ್ ಮಾಡ್ತೀರಿ ಅನ್ನೋದ ಇಲ್ಲ?"

ಬಾಯಿಗೆ ಬಂದದ್ದು ಅಳಗುಳಿ ಮಣೆ.
ಅದುವರೆಗೆ ನನಗೂ ಗೊತ್ತಿರಲಿಲ್ಲ.
ಹರಪನಹಳ್ಳಿಯ ಗುರುಸಿದ್ದವ್ವತ್ತೆಯ ಮಣೆ:
ಅವಳ ಕಡೆಯ ಏಳನೇ ಗುಳಿ ತುಸು ಆಳ,
ಒಂದೆರಡು ಹುಣಸೆಬೀಜ ಅಲ್ಲೇ ಕಚ್ಚಿಕೊಳ್ಳುತ್ತಿದ್ದವು.
ಗೆಲ್ಲುತ್ತಿದ್ದವಳು ಅವಳೇ.

ಸಾಬರು ಗಾಳಿಯಲ್ಲಿ ಗೇಣು ಹಾಕಿದರು:
ಎರಡು ಗೇಣು, ಮೇಲೆ ನಾಲ್ಕು ಬೆರಳು.
ಹಾಗಾದರೆ ದೊಡ್ಡದೇ ಬೇಕು ಎಂದೆ,
ಒಳಗೊಳಗೆ ಖುಷಿಯಾಗಿ, ಸ್ಕೂಟರಿಗೆ ಕ್ಷಮೆ ಕೇಳುತ್ತ.

"ಬರ್ರಿ ಇಲ್ಲಿ.
ನಮ್ ಗರಗಸ ಎಷ್ಟುದ್ದ ಐತಿ?
ಆ ದಿಮ್ಮಿ ಎಷ್ಟುದ್ದ ಐತಿ?"
ದಿಮ್ಮಿ ತಳ್ಳಿದರು. ಗರಗಸ ಇದ್ದಲ್ಲೇ ಇತ್ತು.

ಚಿಕ್ಕದೇ ಬಂತು.
ಹಲಗೆಯನ್ನು ಮೂರು ಸಲ ಸರಿಸಬೇಕು,
ಸರಿಸಿದಾಗಲೆಲ್ಲ ಅದಕ್ಕೆ ತೋರಿಸಬೇಕು
ಸೊನ್ನೆ ಎಲ್ಲಿ ಅಂತ.
ಅಷ್ಟು ಬಟನ್ನುಗಳ ಸಾಫ್ಟ್‌ವೇರು
ಕೊನೆಗೆ ಕೇಳುವುದು ಇದೊಂದೇ.
ಎಷ್ಟು ಕೊರೆದರೂ ಅದಕ್ಕೆ ತಾನೆಲ್ಲಿದ್ದೇನೆಂದು ಗೊತ್ತಿಲ್ಲ,
ಯಾರಾದರೂ ಹೇಳುವತನಕ.

ಬಿಟ್ಟಿನ ತುದಿಗೆ ಕಾಗದ ಇಟ್ಟು
ಕೂದಲೆಳೆಯಷ್ಟು ಇಳಿಸುತ್ತೇನೆ,
ಎಳೆಯುತ್ತೇನೆ, ಇನ್ನಷ್ಟು ಇಳಿಸುತ್ತೇನೆ.
ಕಾಗದ ಕಚ್ಚಿತು: ಸೊನ್ನೆ.
ಅದೇ ಫಾರಮ್ಮಿನ ಚೂರು,
ಎಂಟುನೂರು ವ್ಯಾಟು ಎಂದು ಬರೆದಿದ್ದ ಜಾಗ.

ಮಿಕ್ಸಿ ಈಗ ಫ್ರಿಜ್ಜಿನ ಮೇಲಿದೆ.
ಐದು ಆರನೇ ಗುಳಿಗಳ ನಡುವೆ
ಸರಿಸುವಾಗ ಒಂದು ನೂಲು ತಪ್ಪಿದೆ,
ಬೆರಳಾಡಿಸಿದರೆ ಮಾತ್ರ ತಿಳಿಯುತ್ತದೆ.

ಏಳನೆಯದಕ್ಕೆ ಎರಡು ಮಿಲಿಮೀಟರ್ ಹೆಚ್ಚು ಹಾಕಿದೆ.
ನನ್ನ ಕಡೆಯದಕ್ಕೆ.