ನಾಲ್ಕು ದಾರ

ಒಂದು ದಾರದ ಪಟ ನನಗೆ ಗೊತ್ತು.
ಬಾಲಂಗೋಚಿ ಕಟ್ಟಿ ಬಿಟ್ಟರೆ ಮುಗಿಯಿತು,
ಉಳಿದದ್ದು ಗಾಳಿಯ ತಲೆನೋವು.
ಇದಕ್ಕೆ ಬಾಲವಿಲ್ಲ. ದಾರ ನಾಲ್ಕು:
ಬಲಗೈಗೆ ಮೇಲೊಂದು, ಕೆಳಗೊಂದು,
ಎಡಗೈಗೂ ಹಾಗೇ.
ಅಂಗಡಿಯವನು ಹೇಳಿದ್ದ,
ಮುಂದೆ ಹೋಗುತ್ತದೆ, ಹಿಂದೆ ಬರುತ್ತದೆ,
ಪಕ್ಕಕ್ಕೆ ಜಾರುತ್ತದೆ, ಬೇಕೆಂದಲ್ಲಿ ನಿಲ್ಲುತ್ತದೆ.
ಬೀಳುತ್ತದೆ ಎಂದು ಹೇಳಿರಲಿಲ್ಲ.

ಫಾನೋ ದ್ವೀಪದ ಪಡುವಣ ದಂಡೆ.
ಇಳಿತದ ಹೊತ್ತು ಮರಳು ಎಷ್ಟು ಗಟ್ಟಿಯೆಂದರೆ
ನೀರಿನಂಚಿನವರೆಗೂ ಕಾರು ಬರುತ್ತದೆ.
ಮೊದಲ ದಿನ ನಾಲ್ಕೂ ದಾರ ಬಿಚ್ಚುತ್ತ
ಹಿಂದೆ ಹಿಂದೆ ನಡೆದೆ, ಮೂವತ್ತು ಮೀಟರು.
ನಾಲ್ಕು ಹೋಗಿ ಒಂದಾಗಿತ್ತು.
ಕೂತು ಬಿಡಿಸಿದೆ. ಒಂದು ಗಂಟು ಬಿಟ್ಟರೆ
ಅದರ ಮರಿ ಇನ್ನೆಲ್ಲೋ ಹುಟ್ಟುತ್ತಿತ್ತು.
ನೀರು ಬೂಟಿನೊಳಗೆ ಬಂದಾಗ ತಲೆಯೆತ್ತಿದೆ:
ಉಬ್ಬರ.
ಪಟ ಇನ್ನೂ ಚೀಲದಲ್ಲೇ ಇತ್ತು.

ಎರಡನೆಯ ದಿನ ಏರಿತು.
ಏರಿತೆಂದು ಹಿಗ್ಗುವಷ್ಟರಲ್ಲಿ ಎಡಕ್ಕೆ ವಾಲಿತು.
ತಿದ್ದಿದೆ. ಹೆಚ್ಚೇ ತಿದ್ದಿದೆ.
ತಿದ್ದಿದ್ದನ್ನು ತಿದ್ದಲು ಹೋದೆ.
ಗಿರ್ರನೆ ಸುತ್ತಿ, ಗೋತಾ ಹೊಡೆದು,
ಮೂಗು ಮರಳಲ್ಲಿ.
ಹಿಡಿಗಳನ್ನು ಗೂಟಕ್ಕೆ ಸಿಕ್ಕಿಸಿ
ಮೂವತ್ತು ಮೀಟರು ನಡೆದು, ಪಟ ನೆಟ್ಟಗೆ ಮಾಡಿ,
ಮೂವತ್ತು ಮೀಟರು ವಾಪಸು ಬಂದು, ಮತ್ತೆ.
ಮತ್ತೆ ಮೂಗು.
ದಿನವೂ ನಡೆಯಿರಿ ಎಂದಿದ್ದಳು ಡಾಕ್ಟರು,
ಅವಳಿಗಾದರೂ ಸಂತೋಷವಾದೀತು.

ನಗಬೇಡಿ.
ಇಪ್ಪತ್ತೆಂಟು ವರ್ಷ, ಕಾರು ಲಾರಿ ಹೊರುವ ದೋಣಿಯನ್ನು
ಈ ದ್ವೀಪಕ್ಕೂ ಆಚೆ ದಡಕ್ಕೂ ನಡೆಸಿದವನು ನಾನು, ಟೋರ್ಕಿಲ್.
ಎರಡು ಲಿವರು, ಎರಡು ಕೈ, ಹನ್ನೆರಡು ನಿಮಿಷ.
ಕಣ್ಣು ಕಾಣದ ಮಂಜಿನಲ್ಲೂ
ಧಕ್ಕೆಗೆ ಧಕ್ಕೆಯಾಗದಂತೆ ತಾಗಿಸುತ್ತಿದ್ದೆ,
ಕೆಳಗೆ ಯಾರ ಕಾಫಿಯೂ ತುಳುಕುತ್ತಿರಲಿಲ್ಲ.
ಈಗ ಅಂಗಿಯಷ್ಟು ಹಗುರದ ಬಟ್ಟೆ
ನನ್ನ ಮರ್ಯಾದೆ ತೆಗೆಯುತ್ತಿದೆ.

ನಾಲ್ಕನೆಯ ದಿನ ಅನುಮಾನ ಬಂತು, ದಾರದ ಮೇಲೆ.
ಗೂಟಕ್ಕೆ ಬಿಗಿದು ಅಳೆದೆ. ಸಿಕ್ಕಿತು ಕಳ್ಳ!
ಬಲಗೈ ಕೆಳಗಿನದು ಒಂದು ಬೆರಳು ಉದ್ದ.
ಗಂಟು ಸರಿಸಿ, ನಾಲ್ಕನ್ನೂ ಸಮ ಮಾಡಿ,
ಗೆದ್ದವನ ಹಾಗೆ ಎದ್ದು ನಿಂತು ಹಾರಿಸಿದೆ.
ಆಮೇಲೂ ಬಿತ್ತು.
ಈಗ ದೂರಲು ದಾರವೂ ಉಳಿಯಲಿಲ್ಲ.

ಬೋದಿಲ್ ಬರುವುದು ಮಧ್ಯಾಹ್ನ, ಮೀನು ಹೊಗೆಗಿಟ್ಟು,
ಕುಂಟು ನಾಯಿಯ ಜೊತೆ.
ಅವಳ ಪಟ ತಲೆಕೆಳಗಾಗಿ ಇಳಿದು
ಮರಳಿನಿಂದ ಒಂದು ಗೇಣು ಮೇಲೆ
ನಿಲ್ಲುತ್ತದೆ. ಸುಮ್ಮನೆ.
ಗಾಳಿಯಿಲ್ಲದ ಕೋಣೆಯಲ್ಲಿ ದೀಪದ ಹಾಗೆ,
ಈ ಗಾಳಿಯಲ್ಲಿ, ನನ್ನ ಟೋಪಿ ಹಾರಿಹೋದ ಇದೇ ಗಾಳಿಯಲ್ಲಿ.
ನನ್ನ ಕೈ ನೋಡಿ ಅಂದಳು: ಕಡಿಮೆ.
ಕಡಿಮೆ ಮಾಡಿದೆ.
ಇನ್ನೂ ಕಡಿಮೆ.
ಕೈಯನ್ನೇ ಮನೆಯಲ್ಲಿಟ್ಟು ಬರಲೇ, ಅಂದೆ.
ಹೆಬ್ಬೆರಳು ಬೇಕಾಗುತ್ತದೆ, ಅಂದಳು.

ರಾತ್ರಿ ಮೊಣಕೈ ನೋವಿಗೆ ನಿದ್ದೆ ಬಾರದೆ ಹೊಳೆಯಿತು:
ದೋಣಿಗೆ ಕಿವಿ ಮಂದ.
ಹೇಳಿದ್ದು ಅದಕ್ಕೆ ಮುಟ್ಟಲು ಅರ್ಧ ನಿಮಿಷ ಬೇಕು,
ಅದಕ್ಕೇ ನನಗೆ ಕೂಗಿ ಹೇಳಿ ರೂಢಿ.
ಇದು ಮಾತು ಕೇಳದ ಪಟವಲ್ಲ,
ನಾನು ಹೇಳದ್ದನ್ನೂ ಕೇಳುವ ಪಟ.
ಕೆಮ್ಮಿದರೆ ಕೇಳುತ್ತದೆ. ಹೆದರಿದರೆ ಕೇಳುತ್ತದೆ.
ಹೊಳೆದದ್ದರಿಂದ ಉಪಯೋಗವೇನೂ ಆಗಲಿಲ್ಲ.
ಬೆಳಿಗ್ಗೆಯಿಂದ ಹದಿನೇಳು ಸಲ ಬಿತ್ತು.

ಹದಿನೆಂಟನೆಯ ಸಲ
ನಾಯಿ ನನ್ನ ಚೀಲದಿಂದ ಬ್ರೆಡ್ಡು ಕದಿಯಿತು.
ಬೈಯಲು ತಿರುಗಿದೆ, ಬೈದೆ, ಮತ್ತೆ ಇತ್ತ ನೋಡಿದರೆ
ಪಟ ತಲೆಕೆಳಗಾಗಿ
ನಿಂತಿದೆ.
ದಾರಗಳು ಸಣ್ಣಗೆ ಗುಂಯ್‌ಗುಡುತ್ತಿವೆ,
ನನ್ನ ಕೈಗಳು ಬೇರೆ ಯಾರದೋ.
ನಿಂತಿದೆ ಅಂದುಕೊಂಡೆ ನೋಡಿ,
ಅಷ್ಟು ಸಾಕಾಯಿತು ಅದಕ್ಕೆ.

ಎಷ್ಟು ಹೊತ್ತು ನಿಂತಿತ್ತು ಅಂತ ಬೋದಿಲ್‌ಳನ್ನು ಕೇಳಿದೆ.
ಅವಳು ಬೆನ್ನು ಮಾಡಿ ತನ್ನ ದಾರ ಸುತ್ತುತ್ತಿದ್ದಳು.
ನೋಡಿದ್ದು ನಾಯಿ ಮಾತ್ರ, ಅದರ ಬಾಯಲ್ಲಿ ಬ್ರೆಡ್ಡು.

ನಡೆದೆ, ಮೂವತ್ತು ಮೀಟರು.
ಮೂಗು ಕೊರೆದ ಹೊಸ ಗುಳಿಗೆ ಬೆರಳಿಟ್ಟು ನೋಡಿದೆ.
ಆಳ ಉಳಿದವುಗಳಷ್ಟೇ.
ಉಬ್ಬರಕ್ಕೆ ಇನ್ನೂ ಒಂದು ಗಂಟೆಯಿತ್ತು.