ತಣ್ಣೀರು

ಅಸಲಿ ರೋಲರಿಗೆ ಎಪ್ಪತ್ತೆರಡು ರಿಯಾಲು, ಆರು ವಾರ ಕಾಯಬೇಕು.
ನನ್ನ ಚೀಲದಲ್ಲಿದ್ದದ್ದು ಹನ್ನೊಂದರದ್ದು,
ಬೇರೆ ಮಾಡೆಲಿನ ತಮ್ಮ, ಕೂದಲೆಳೆಯಷ್ಟು ಉದ್ದ.

ರೂವಿಯ ಟೈಪಿಂಗ್ ಸೆಂಟರು. ಖಮೀಸ್ ಕೇಳಿದ:
"ಕೂರುತ್ತದಾ?"
ಕೂರಿಸಿದರೆ ಕೂರುತ್ತದೆ.
ಬುಷ್ಷಿಗೆ ಅರ ಹಾಕಿದೆ, ಊದಿದೆ, ಗ್ರೀಸು ಸವರಿದೆ.
ನನ್ನ ಲೇಬರ್ ಕಾರ್ಡಿನಲ್ಲೂ ‘ಬಡಗಿ’ ಎಂದೇ ಇದೆ,
ಹದಿನಾಲ್ಕು ವರ್ಷದಿಂದ.

ಮೊದಲ ಹಾಳೆ ಬಂತು, ಕಾವಲಿಯಿಂದ ಎಬ್ಬಿಸಿದ ಹಾಗೆ.
ಹೆಬ್ಬೆರಳಲ್ಲಿ ತಿಕ್ಕಿದೆ.
ಹೆಸರು ಎದ್ದು ಬೆರಳಿಗೆ ಬಂತು.
ಬೆಂಚಿನಲ್ಲಿ ಕೂತಿದ್ದ ಸಿಲ್ಹೆಟ್ಟಿನ ಹುಡುಗ
ಹಾಳೆ ನೋಡಲಿಲ್ಲ, ನನ್ನ ಬೆರಳು ನೋಡಿದ.

ಸ್ಪ್ರಿಂಗು ಅರ್ಧ ಸುತ್ತು ಬಿಗಿ. ಶಾಖ ಐದು ಡಿಗ್ರಿ ಮೇಲೆ.
ಎರಡನೆಯದೂ ಕೈಗೆ ಬಂತು. ಮೂರನೆಯದು ಸುಕ್ಕು.
ನಾಲ್ಕನೆಯದನ್ನು ಅವನೇ ತಿಕ್ಕಿದ,
ಉಗುರಿನಿಂದ ಕೆರೆದೂ ನೋಡಿದ.
ತೌಹೀದ್ ಮಿಯಾ ಅಲುಗಲಿಲ್ಲ.

ಬಿಲ್ಲಿನಲ್ಲಿ ‘ಅಸಲಿ’ ಬೇಡ ಅಂದ ಖಮೀಸ್,
‘ರಿಪೇರಿ’ ಸಾಕು.

ಈ ಮಸಿಯನ್ನು ತಣ್ಣೀರಲ್ಲೇ ತೊಳೆಯಬೇಕು,
ಬಿಸಿ ತಾಗಿದರೆ ಚರ್ಮಕ್ಕೇ ಕಚ್ಚಿಕೊಳ್ಳುತ್ತದೆ.
ಹಿಂದೆ ಹೋಗಿ ನಲ್ಲಿ ತಿರುಗಿಸಿದೆ.
ಜುಲೈ.
ನಲ್ಲಿಯಲ್ಲಿ ಕುದಿನೀರು.